ತಿರುಗಾಟ ಅವಳದು, ತಿನ್ನಾಟ ನನ್ನದು

ಮದುವೆಗೆ ಮೊದಲು ಜಾತಕ ನೋಡಿದವರು ಎಲ್ಲ ಕೂಟವೂ ಸರಿಯಿದೆ ಅಂದಿದ್ದರು. ಅವಳಿಗೆ ಗುಡ್ಡೆ ಹತ್ತುವ ಹುಚ್ಚು, ನನಗೆ ಗುಡ್ಡೆ ಹತ್ತಿದವರು ಬಿಚ್ಚುವ ಬುತ್ತಿಯ ಹುಚ್ಚು. ಇದೆಲ್ಲ ಜಾತಕದಲ್ಲಿ ಬರುವುದಿಲ್ಲವಂತೆ.

ಭಾನುವಾರ ನೀರುದೋಸೆ ಕಾವಲಿಯಿಂದ ಏಳುವ ಮೊದಲೇ "ಬಿರುಮಲೆ ಗುಡ್ಡೆಗೆ ಹೋಗುವನಾ?" ಎಂಬ ಪ್ರಶ್ನೆ ಏಳುತ್ತದೆ. ನಾನು ಕಾಯಿಬೆಲ್ಲ ಸುತ್ತಿಕೊಂಡು ಕಿವುಡನಾಗುತ್ತೇನೆ. "ಮಹಾಲಿಂಗೇಶ್ವರನ ಊರಿಗೆ ಆನೆ ಕಾಲಿಡುವ ಹಾಗಿಲ್ಲ ಅಂತಾರಲ್ಲ, ನಿಮ್ಮನ್ನು ಯಾರು ಬಿಟ್ಟದ್ದು ಮಾರಾಯ್ರೆ?" ಎಂದಳು ಒಮ್ಮೆ. ಸುಳ್ಯದ ಹುಡುಗಿ, ಪುತ್ತೂರಿನ ಐತಿಹ್ಯವನ್ನು ಬೇಗನೇ ಕಲಿತಿದ್ದಾಳೆ.

ಕುಮಾರಪರ್ವತಕ್ಕೂ ಹೋಗಿಬಂದೆವು. 1,712 ಮೀಟರ್ ಎತ್ತರ! ಅವಳ ಫೋನಿನಲ್ಲಿ ಶೇಷಪರ್ವತ, ಮೋಡ, ಹುಲ್ಲುಗಾವಲು. ನನ್ನದರಲ್ಲಿ ಗಿರಿಗದ್ದೆ ಭಟ್ಟರ ಮನೆಯ ಅನ್ನ, ಸಾಂಬಾರು; ಎದುರಿನಿಂದ, ಬದಿಯಿಂದ, ಮೇಲಿನಿಂದ. ಜಿಗಣೆಗಳಿಗೆ ಮಾತ್ರ ಇಬ್ಬರೂ ಒಂದೇ.

ನಮ್ಮ ಅಭಿರುಚಿ ಕೂಡುವುದು ಏಪ್ರಿಲಿನ ಪುತ್ತೂರು ಜಾತ್ರೆಯಲ್ಲಿ. ದೇವರಮಾರು ಗದ್ದೆ ತುಂಬ ಅವಳು ಸುತ್ತುತ್ತಾಳೆ, ಚರುಮುರಿ ಗಾಡಿ ಕಂಡಲ್ಲೆಲ್ಲ ನಾನು ನಿಲ್ಲುತ್ತೇನೆ. ಮಂಡಕ್ಕಿಗೆ ನೀರುಳ್ಳಿ, ಟೊಮೆಟೊ, ಖಾರದ ಪುಡಿ ಬಿದ್ದು, ತೆಂಗಿನೆಣ್ಣೆ ಹನಿಸಿ, ಸೌಟಿನಲ್ಲಿ ಟಣಟಣ ಕಲಸುವಾಗ ಅವಳ ಕೈ ನನ್ನ ಪೊಟ್ಟಣಕ್ಕೇ ಬರುತ್ತದೆ. ಅವಳಿಗೆ ಬೇರೆ ಬೇಡವಂತೆ!

ನನ್ನ ತಿನ್ನಾಟಕ್ಕೆ ಸಮರ್ಥನೆಯೂ ಉಂಟು. ಮಾವನ ಅಡಿಕೆ ತೋಟದ ನಡುವೆ ಕೊಕ್ಕೋ ಇದೆ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ಇದೆ. ಹಾಗಾಗಿ ನಾನು ಚಾಕಲೇಟು ತಿನ್ನುವುದು ಮಾವನಿಗೆ ಮಾಡುವ ಉಪಕಾರ ಎಂದು ವಾದಿಸಿದೆ.

"ಅಪ್ಪನಿಗೆ ಹೇಳ್ತೇನೆ, ಈ ಸಲ ಕೊಕ್ಕೋ ಒಡೆಯಲಿಕ್ಕೆ ಅಳಿಯನೇ ಬರ್ತಾರೆ ಅಂತ" ಎಂದಳು.