ವ್ಯಾಟ್ ಎಂಬ ವ್ಯಾಮೋಹ

ಬೆಂಗಳೂರಿನ ಜೆ.ಸಿ. ರೋಡಿಗೆ ಕಾರಿನ ಆಂಪ್ಲಿಫೈಯರ್ ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಡಬ್ಬದ ಮೇಲಿನ ಅಂಕಿ: 2000 ವ್ಯಾಟ್! ಅದು ಪೀಕ್ ಲೆಕ್ಕ, ಅಂದರೆ ಚುನಾವಣೆಯ ಪ್ರಣಾಳಿಕೆ. ಕೈಗೆ ಹತ್ತುವುದು ಸಣ್ಣಕ್ಷರದ ಆರ್‌ಎಂಎಸ್, ಅಂದರೆ ಸತತವಾಗಿ ಸಿಗುವ ಪವರ್ ಅಷ್ಟೆ. “ಅಣ್ಣಾ, ಇನ್ನೂ ಪವರ್ ಬೇಕು” ಎಂದರೆ ಅಂಗಡಿಯವನು ಇನ್ನೂ ದೊಡ್ಡ ಡಬ್ಬ ಇಳಿಸುತ್ತಾನೆ. ಇಳಿಸದೆ ಏನು ಮಾಡಿಯಾನು, ಅವನೂ ಸಂಸಾರಸ್ಥ.

ಆದರೆ ಪವರ್ ಬರಬೇಕಾದದ್ದು ಬ್ಯಾಟರಿ, ಆಲ್ಟರ್ನೇಟರ್‌ಗಳಿಂದ. 12 ವೋಲ್ಟ್‌ನಲ್ಲಿ 1000 ವ್ಯಾಟ್ ಎಂದರೆ, ಬಿಸಿಯಾಗಿ ಹೋಗುವ ಪಾಲು ಬಿಟ್ಟೇ, 80 ಆಂಪಿಯರ್‌ಗೂ ಮೇಲೆ. ಮನೆಯಲ್ಲಿ ಮಿಕ್ಕ ತೆಳು ವೈರೇ ಸಾಕೆಂದು ಎಳೆದರೆ, ಡ್ರಮ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಕಣ್ಣು ಮಿಟುಕಿಸುತ್ತದೆ. ಎದುರಿನ ಲಾರಿಯವನು ತನಗೇ ಸನ್ನೆ ಅಂದುಕೊಂಡು ತಿರುಗಿ ಡಿಪ್ ಹೊಡೆಯುತ್ತಾನೆ. ದಪ್ಪ ತಾಮ್ರದ ವೈರ್, ಬಣ್ಣ ಕೆರೆದ ಬರಿ ತಗಡಿಗೆ ಬಿಗಿದ ಅರ್ತಿಂಗ್ ಇದ್ದರೆ ಹಳೆಯ ಆಂಪ್ಲಿಫೈಯರೇ ಗಂಟಲು ಬಿಡುತ್ತದೆ.

ಇನ್ನು ಆಂಪ್ಲಿಫೈಯರಿನ ಗೇನ್ ತಿರುಪನ್ನು ಕೊನೆವರೆಗೂ ತಿರುಗಿಸುವ ಶೂರರಿದ್ದಾರೆ. ಅದರಿಂದ ಸಿಗ್ನಲ್ಲಿನ ತಲೆ ಕತ್ತರಿಸಿಹೋಗಿ ಟ್ವೀಟರ್ ಸುಡುತ್ತದೆ.

ಇನ್ನೊಂದು ತಮಾಷೆ: ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೇ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. ಹೊಸ ಆಂಪ್ಲಿಫೈಯರ್ ಕೇಳಿದ ಮನೆಯಾಕೆ “ಮೊದಲೂ ಹೀಗೇ ಇತ್ತಲ್ರೀ?” ಎಂದರೆ ಸಿಡುಕಬೇಡಿ, ಭೌತಶಾಸ್ತ್ರ ಆಕೆಯ ಕಡೆಗಿದೆ. ಅದರ ಬದಲು 3 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ತನ್ನಿ, ವ್ಯಾಟ್ ದುಪ್ಪಟ್ಟು ಮಾಡಿದಷ್ಟೇ ಲಾಭ. ಕಿಟಕಿ ಮಾತ್ರ ಏರಿಸಿಕೊಂಡೇ ಕೇಳಿ ಸ್ವಾಮಿ!