ಆಸ್ತಿಮೀಮಾಂಸೆ

ಗ್ರೀಕ್ ತತ್ತ್ವಶಾಸ್ತ್ರದ ಪದವನ್ನು ಮುಟ್ಟುವ ವಿದ್ವಾಂಸನು ಮೊದಲು ಅದು ಅನುವಾದಕ್ಕೆ ಸಿಗದೆಂದು ಘೋಷಿಸತಕ್ಕದ್ದು. ಅನಂತರ ಮುನ್ನೂರು ಪುಟ ಅದನ್ನೇ ಅನುವಾದಿಸತಕ್ಕದ್ದು. ಈ ಸಂಪ್ರದಾಯಕ್ಕೆ ಭಂಗ ಬಾರದಂತೆ ನಾವಿಲ್ಲಿ ಅರಿಸ್ಟಾಟಲನ ‘ಊಸಿಯಾ’ವನ್ನು ವಿಚಾರಿಸುತ್ತೇವೆ.

ಮೊದಲನೆಯದು ವ್ಯುತ್ಪತ್ತಿ ಮಾರ್ಗ. ಗಿಡ ಸಾಯುವವರೆಗೂ ಬೇರು ಕೆದಕುವುದು ಇದರ ಲಕ್ಷಣ. ಊಸಿಯಾ ಹುಟ್ಟಿದ್ದು ‘ಇರು’ ಎಂಬ ಕ್ರಿಯಾಪದದಿಂದ. ತತ್ತ್ವಜ್ಞರ ಬಾಯಲ್ಲಿ ಅದು ಇರವು, ವಸ್ತುವಿನ ಸಾರ. ಅಥೆನ್ಸಿನ ಜನರ ಬಾಯಲ್ಲಿ ಮನೆ, ಹೊಲ, ದುಡ್ಡು. ಜರ್ಮನ್ ಪಂಡಿತರು ಈ ಎರಡು ಅರ್ಥಗಳನ್ನು ಬೆಸೆಯಲು ಸಂಪುಟಗಟ್ಟಲೆ ಬೆವರಿದ್ದಾರೆ. ಕನ್ನಡಿಗನಿಗೆ ಆ ಕಷ್ಟವಿಲ್ಲ. ಸಂಸ್ಕೃತದ ‘ಅಸ್ತಿ’ ನಮ್ಮಲ್ಲಿ ಕಾಲೆಳೆದುಕೊಂಡು ‘ಆಸ್ತಿ’ಯಾಗಿ ಪಹಣಿಯಲ್ಲಿ ಕೂತಿದೆ.

ಎರಡನೆಯದು ದಾವೆ ಮಾರ್ಗ. ಇದು ನಮ್ಮದೇ ಶೋಧ. ಅರಿಸ್ಟಾಟಲ್ ಇರವಿನ ಬಗೆಗಳಿಗೆ ‘ಕತೆಗೊರಿಯಾ’ ಎಂದ. ಕೋರ್ಟಿನಲ್ಲಿ ಅದರ ಅರ್ಥ ಆರೋಪ. ಅವನು ಎಣಿಸಿದ ಹತ್ತರಲ್ಲಿ ಮೊದಲನೆಯದೇ ಊಸಿಯಾ, ಅಂದರೆ ಮೊದಲ ಫಿರ್ಯಾದೇ ಆಸ್ತಿಯದು. ವ್ಯಾಖ್ಯೆಗೆ ಅವನು ಬಳಸಿದ ಪದಗಳಲ್ಲೊಂದು ‘ಹೊರೊಸ್’; ಅಟ್ಟಿಕಾದ ಹೊಲಗಳಲ್ಲಿ ಅದು ಗಡಿಕಲ್ಲು, ಸಾಲ ತೀರದ ಹೊಲದಲ್ಲಿ ಅಡಮಾನದ ಕಲ್ಲು. ದ್ರವ್ಯಕ್ಕೆ ‘ಹೂಲೆ’ ಎಂದ. ಅದು ಕಾಡು, ಮರಮುಟ್ಟು. ಚಕ್ಕುಬಂದಿ ಆಯಿತು, ಮರಮುಟ್ಟಿನ ಪಟ್ಟಿಯೂ ಆಯಿತು. ಇನ್ನು ಸರ್ವೆ ನಂಬರು. ಪಂಡಿತ ಬೆಕ್ಕರನು 1831ರಲ್ಲಿ ಬರ್ಲಿನ್ನಿನಿಂದ ಹೊರತಂದ ಅರಿಸ್ಟಾಟಲನ ಕೃತಿಗಳ ಆವೃತ್ತಿ, ಅದರ ಪುಟ-ಸಾಲುಗಳ ಸಂಖ್ಯೆಯಿಂದ, ಆ ಕೊರತೆಯನ್ನೂ ನೀಗಿತು. ಅಂದಿನಿಂದ ‘1028ಬಿ, 33ನೇ ಸಾಲು’ ಎಂದರೆ ಸಾಕು, ಎದುರಾಳಿ ಕನ್ನಡಕ ಒರೆಸತೊಡಗುತ್ತಾನೆ. ಆ ಜಾಗದಲ್ಲಿರುವುದೇನು? ಊಸಿಯಾಕ್ಕೆ ಹೆಚ್ಚಲ್ಲದಿದ್ದರೂ ನಾಲ್ಕು ಅರ್ಥಗಳಾದರೂ ಇವೆ ಎಂಬ ಮಾತು. ಹಕ್ಕುದಾರರು ನಾಲ್ವರು ಎಂದು ನಾವು ಓದಿಕೊಳ್ಳುತ್ತೇವೆ. ಮುಂದೆ ಲ್ಯಾಟಿನ್‌ನವರು ‘ಎಸೆನ್ಶಿಯಾ’, ‘ಸಬ್‌ಸ್ಟಾನ್ಶಿಯಾ’ ಎಂದು ಅದನ್ನು ಎರಡು ಪಾಲು ಮಾಡಿಯೇಬಿಟ್ಟರು. ವ್ಯಾಜ್ಯ ಇನ್ನೂ ನಡೆದಿದೆ.

ಪೂರ್ವಪಕ್ಷ: ಇದೆಲ್ಲ ಬರೀ ಪದಗಳ ಆಟ, ಅರಿಸ್ಟಾಟಲನ ಮನಸ್ಸಿನಲ್ಲಿ ಆಸ್ತಿಯೇ ಇರಲಿಲ್ಲ. ಉತ್ತರ: ಅವನ ಉಯಿಲನ್ನು ತತ್ತ್ವಜ್ಞರ ಚರಿತ್ರೆ ಬರೆದ ಡಯೋಜನೀಸ್ ಲೇರ್ಟಿಯಸ್ ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ, ಓದಿ ನೋಡಬಹುದು. ಅವನ ಸಂಗಾತಿ ಹರ್ಪಿಲ್ಲಿಸ್‌ಗೆ ಕಾಲ್ಕಿಸ್‌ನಲ್ಲಿ ತೋಟದ ಪಕ್ಕದ ಅತಿಥಿಗೃಹ ಬೇಕೋ, ಸ್ಟಗೈರಾದ ಪಿತ್ರಾರ್ಜಿತ ಮನೆ ಬೇಕೋ, ಅವಳೇ ಆರಿಸಿಕೊಳ್ಳಲಿ ಎಂದಿದೆ. ಅದರಲ್ಲಿ ಅಥೆನ್ಸಿನ ಮನೆಯ ಮಾತಿಲ್ಲ. ಅಲ್ಲಿನ ತನ್ನ ಶಾಲೆ ಲೈಸಿಯಮ್ಮಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿದರೂ ಅವನು ಆ ಊರಿಗೆ ಪರದೇಶಿ. ಅಲ್ಲಿ ಗೇಣು ನೆಲ ಕೊಳ್ಳಲೂ ಪರದೇಶಿಗಳಿಗೆ ಹಕ್ಕಿರಲಿಲ್ಲ.