ಫುಬ್ಬರ್ರಿ–ದಾರವಾದ

ಹುಬ್ಬಳ್ಳಿ–ಧಾರವಾಡದ ಮಂದಿಗೆ ಜಪಾನ್ ತೀರಾ ದೂರದ್ದೇನಲ್ಲ. ನೆಲ ಅಗೆಯುವ ಯಂತ್ರ ತಯಾರಿಸುವ ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇದೆ. ಇನ್ನು ‘ಫೈವ್ ಎಸ್’ ಎಂಬ ಜಪಾನಿ ಅಚ್ಚುಕಟ್ಟಿನ ಕ್ರಮ ಪಾಲಿಸುವ ಯಾವ ಕಾರ್ಖಾನೆಗೆ ಹೋದರೂ ಗೋಡೆಯ ಮೇಲೆ ಸೆಯಿರಿ, ಸೆಯಿತೊನ್, ಸೆಯಿಸೊ, ಸೆಯಿಕೆತ್ಸು, ಶಿತ್ಸುಕೆ ಎಂಬ ಐದು ಮಂತ್ರಗಳು. ಬೇಡದ್ದನ್ನು ಹೊರಗೆ ಹಾಕು, ಬೇಕಾದ್ದನ್ನು ಜಾಗದಲ್ಲಿಡು, ಕಸ ಹೊಡಿ, ದಿನಾ ಹಾಗೇ ಇಡು, ರೂಢಿ ಮಾಡಿಕೋ. ಜಪಾನಿ ಬಾರದ ಧಾರವಾಡದ ಅವ್ವಂದಿರು ಇದನ್ನೇ ಬೆಳಗಾದರೆ ಹೇಳುತ್ತಾರೆ, ಗೋಡೆಗೆ ಅಂಟಿಸುವುದಿಲ್ಲ ಅಷ್ಟೇ.

ಮಾತು ಬಾಯಿಗೆ ಬಂದಷ್ಟು ಸಲೀಸಾಗಿ ಅಕ್ಷರ ಕೈಗೆ ಬರುವುದಿಲ್ಲ. ಜಪಾನಿಗೆ ಬರವಣಿಗೆ ಮೂರು ಬಗೆ. ಹಿರಗಾನ, ಕತಕಾನ ತಲಾ 46 ಮೂಲಾಕ್ಷರ. ಮೂರನೆಯದು ಚೀನಾದಿಂದ ಬಂದ ಕಾಂಜಿ, ನಿತ್ಯದ ಬಳಕೆಗೆಂದು ಸರಕಾರ ಪಟ್ಟಿ ಮಾಡಿದ್ದೇ 2136. ಪರದೇಶದ ಹೆಸರುಗಳನ್ನು ಹೆಚ್ಚಾಗಿ ಬರೆಯುವುದು ಕತಕಾನದಲ್ಲಿ. ಜಪಾನಿನ ಲೆಕ್ಕಕ್ಕೆ ಹುಬ್ಬಳ್ಳಿಯೂ ಪರದೇಶವೇ ಆದ್ದರಿಂದ, ತನ್ನ ಊರು, ಅಡ್ಡಹೆಸರು ಬರೆದು ನೋಡುವ ಹಂಬಲ ಇರುವವರು ಮೊದಲು ಹಿಡಿಯುವುದು ಇದನ್ನೇ.

ಇಂಜಿನಿಯರಿಂಗ್ ಓದುವ ಮೊಮ್ಮಗಳೊಬ್ಬಳು ಈ ಅಕ್ಷರಗಳ ತಖ್ತೆಯನ್ನು ಗೋಡೆಗೆ ಹಚ್ಚಿದಳೆನ್ನಿ. ಮಾಸ್ತರಿಕೆ ಮಾಡಿ ನಿವೃತ್ತನಾದ ಅಜ್ಜ ಸುಮ್ಮನಿದ್ದಾನೆಯೇ?

“ಏನವಾ ತಂಗಿ, ಇದನ್ನ ಹೆಂಗ ಓದೂದು?”

“ಅ, ಇ, ಉ, ಎ, ಒ. ಆಮ್ಯಾಲೆ ಕ, ಸ, ತ, ನ, ಹ, ಮ, ಯ, ರ, ವ.”

“ಇದು ನಮ್ಮ ವರ್ಣಮಾಲಾನ! ನಡುನಡುವ ಹಲ್ಲ ಬಿದ್ದಾವ, ಅಷ್ಟ.”

ಅಜ್ಜ ಹೇಳಿದ್ದು ಸರಿ. ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಮಂತ್ರ ಓದುತ್ತಿದ್ದ ಜಪಾನಿನ ಬೌದ್ಧ ಭಿಕ್ಷುಗಳು ತಮ್ಮ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿಕೊಂಡರು. ಕತಕಾನ ಹುಟ್ಟಿದ್ದೂ ಅಂಥವರ ಕೈಯಲ್ಲೇ: ಗ್ರಂಥದ ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಉಚ್ಚಾರ ಗುರುತಿಸಲು ಚೀನೀ ಅಕ್ಷರದ ಒಂದು ಚೂರನ್ನಷ್ಟೇ ಬರೆದು ಮುಂದೆ ಹೋಗುತ್ತಿದ್ದರು. ಅವಸರದ ಟಿಪ್ಪಣಿ ಲಿಪಿಯಾಯಿತು.

ಸ ಸಾಲಿನಲ್ಲಿ ‘ಸಿ’ ಇಲ್ಲ. ಸ, ಶಿ, ಸು, ಸೆ, ಸೊ. ಮೈಸೂರಿನವರು ಇಲ್ಲಿ ತಡವರಿಸಬಹುದು. ಬಿಸಿಲಿಗೆ ‘ಬಿಶಿಲು’, ಮೆಣಸಿನಕಾಯಿಗೆ ‘ಮೆಣಶಿನಕಾಯಿ’ ಅನ್ನುವ ಧಾರವಾಡದ ಬಾಯಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಿಜವಾದ ಮೋಜು ಇರುವುದು ‘ಹ’ದಲ್ಲಿ. ಕ ಅಕ್ಷರದ ಬಲಭುಜದ ಮೇಲೆ ಎರಡು ಪುಟ್ಟ ಗೀಟು ಎಳೆದರೆ ಗ. ತ ಮೇಲೆ ಎಳೆದರೆ ದ. ಹ ಮೇಲೆ ಎಳೆದರೆ? ಬ! ವ್ಯಾಕರಣ ಕಲಿಸಿದ ಅಜ್ಜ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ. ಬ ಹುಟ್ಟಬೇಕಾದ್ದು ಪ ದಿಂದಲ್ಲವೇ? ಅಲ್ಲೇ ಇದೆ ಗುಟ್ಟು. ಜಪಾನಿನ ಹ ಬಹಳ ಹಿಂದೆ ಪ ಆಗಿತ್ತು, ಅದಕ್ಕೇ ತಖ್ತೆಯಲ್ಲಿ ಇವತ್ತಿಗೂ ನ, ಮ ನಡುವೆ, ನಮ್ಮ ಪವರ್ಗದ ಜಾಗದಲ್ಲೇ ಕುಳಿತಿದೆ. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದದ್ದನ್ನು ಪಾಠ ಮಾಡಿದವನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಹುಬ್ಬಳ್ಳಿಯೇ ಒಂದು ಕಾಲಕ್ಕೆ ಪುರ್ಬಳ್ಳಿ.

ಪ ಒಮ್ಮೆಲೇ ಹ ಆಗಲಿಲ್ಲ. ನಡುವೆ ಕೆಲವು ಶತಮಾನ ತುಟಿಯಿಂದ ಗಾಳಿ ಊದುವ ಫ ಆಗಿತ್ತು. ಅದಕ್ಕೆ ಸಾಕ್ಷಿ 1516ರ ಸಂಗ್ರಹವೊಂದರ ಒಗಟು: ತಾಯಿಗೆ ಎರಡು ಸಲ ಕೂಡುತ್ತವೆ, ತಂದೆಗೆ ಒಮ್ಮೆಯೂ ಇಲ್ಲ, ಏನದು? ಉತ್ತರ ತುಟಿ. ಜಪಾನಿಯಲ್ಲಿ ತಂದೆ ‘ಚಿಚಿ’, ತಾಯಿ ‘ಹಹ’. ಆಗ ಅದನ್ನು ‘ಫಫ’ ಅನ್ನುತ್ತಿದ್ದರು. ಅಜ್ಜ ‘ಅಪ್ಪ’, ‘ಅವ್ವ’ ಎರಡನ್ನೂ ಅಂದು ನೋಡಿದ. ಅಪ್ಪನಿಗೆ ತುಟಿ ಗಟ್ಟಿಯಾಗಿ ಕೂಡಿತು, ಅವ್ವನಿಗೆ ಅರೆಬರೆ. ಒಗಟು ಧಾರವಾಡದಲ್ಲಿ ಉಲ್ಟಾ.

ಆ ಫ ಇನ್ನೂ ಒಂದೇ ಅಕ್ಷರದಲ್ಲಿ ಉಳಿದಿದೆ. ಹ, ಹಿ, ಹೆ, ಹೊ ಎಲ್ಲ ಉಂಟು. ‘ಹು’ ಮಾತ್ರ ‘ಫು’. ದ್ವಿತ್ವಕ್ಕೆ ಒಂದು ಗಿಡ್ಡ ‘ತ್ಸು’ ಬರೆದರಾಯಿತು, ಆದರೆ ಲ, ಳ ಎರಡೂ ಇಲ್ಲ, ಎಲ್ಲಕ್ಕೂ ರ ಒಂದೇ. ಹೀಗಾಗಿ ಹುಬ್ಬಳ್ಳಿ ‘ಫುಬ್ಬರ್ರಿ’. ಉಳ್ಳಾಗಡ್ಡಿ ಅಡ್ಡಹೆಸರಿನವರು ‘ಉರ್ರಾಗದ್ದಿ’. ಕಾಲು, ಕಾಳು, ಕಾರು ಮೂರಕ್ಕೂ ಒಂದೇ ಬರವಣಿಗೆ. ಒತ್ತಕ್ಷರದ ಪಾಡು ಇನ್ನೂ ಕಷ್ಟ. ಲಕ್ಷ್ಮೇಶ್ವರವನ್ನು ರ-ಕು-ಶು-ಮೇ-ಶು-ವ-ರ ಎಂದು ಬಿಡಿಸಿ ಹರವಬೇಕು. ಗಿರ್ಮಿಟ್ ‘ಗಿರುಮಿತ್ತೊ’ ಆಗುತ್ತದೆ, ರುಚಿ ಕೆಟ್ಟೀತೇನೋ ಅನ್ನಿಸುತ್ತದೆ. ಧಾರವಾಡ ಮಾತ್ರ ಹೆಚ್ಚು ನೋವಿಲ್ಲದೆ ‘ದಾರವಾದ’. ಇಂಗ್ಲಿಷಿನಂತೆ ಕೊನೆಯ ಸ್ವರ ನುಂಗದ ಕನ್ನಡದ ಹೆಸರುಗಳಿಗೆ ಕತಕಾನ ಅಷ್ಟರಮಟ್ಟಿಗೆ ಅನುಕೂಲ.

ಇದನ್ನೆಲ್ಲ ಕಲಿತು ಜುಲೈಯಲ್ಲೋ ಡಿಸೆಂಬರಿನಲ್ಲೋ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆ ಬೆಂಗಳೂರಿನ ರೈಲು ಹತ್ತಿದರೆ, ಅಲ್ಲಿ ಒಂದಕ್ಷರವನ್ನೂ ಬರೆಸುವುದಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದ್ದನ್ನು ಗುರುತಿಸಿ ಬರಬೇಕು.

“ಬರೀದನ ಪಾಸಾಗೂದು ಅದೆಂಥಾ ಪರೀಕ್ಷಾನವಾ?” ಅಜ್ಜನಿಗೆ ಒಪ್ಪಿಗೆಯಿಲ್ಲ. ತಾನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದತೊಡಗಿದ.

ತಿದ್ದುವವರನ್ನೆಲ್ಲ ಕಾಡುವುದು ಶಿ, ತ್ಸು, ಸೊ, ನ್ ಎಂಬ ನಾಲ್ಕು. ಎಡಕ್ಕೆ ಒಂದರ ಕೆಳಗೊಂದು ಎರಡು ಗೀಟು, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಹೋದರೆ ಶಿ. ಗೀಟುಗಳು ನೆತ್ತಿಯ ಮೇಲೆ ಅಕ್ಕಪಕ್ಕ ಕೂತು, ಗೆರೆ ಮೇಲಿಂದ ಇಳಿದರೆ ತ್ಸು. ಗೀಟು ಒಂದೇ ಇದ್ದು ಗೆರೆ ಏರಿದರೆ ನ್, ಇಳಿದರೆ ಸೊ. ‘ಕನ್ನಡ’ ಬರೆಯಲು ಬೇಕಾದ್ದು ಕ, ನ್, ನ, ದ ನಾಲ್ಕೇ ಅಕ್ಷರ. ಅಜ್ಜನ ಕೈ ನಡುಗಿ ಗೆರೆ ಇಳಿಯಿತು. ಕನ್ನಡ ‘ಕಸೊನದ’ ಆಯಿತು. ಸಿಟ್ಟಿನಿಂದ ಆ ಅಕ್ಷರವನ್ನೇ ಹೊಡೆದುಹಾಕಿದ.

ಮೊಮ್ಮಗಳು ನಗತೊಡಗಿದಳು. “ಅಜ್ಜಾ, ಅದನ್ನ ತಗದ್ರ ಕನದ. ಅಂದ್ರ ಕೆನಡಾ!”

“ಇರ್ಲಿ ಬಿಡು, ಅಲ್ಲೂ ನಮ್ಮ ಮಂದಿ ಅದಾರ.”